ಕೊನೆಯ ಖೋಲಿಯ ಭಾಗ್ಯಶ್ರೀ

ಜೇವರ್ಗಿಗೆ ಬಂದ ಹೊಸದು. ಒಂದು ಸಂಜೆ ನನ್ನ ಮಗ ಹಟ ಮಾಡಿ ಅಳುತ್ತಿದ್ದ. ಮುಖಪರಿಚಯವೂ ಇಲ್ಲದ ಹೆಂಗಸೊಬ್ಬರು ಕದ ದೂಡಿಕೊಂಡು ನೇರ ಅಡುಗೆಮನೆಗೇ ಬಂದುಬಿಟ್ಟರು.

"ಯಾಕ ಮೇಡಂ, ಕೂಸಿಗಿ ಬಡದ್ರೇನ್ರಿ?"

ನನಗೆ ಮೈಯೆಲ್ಲ ಉರಿಯಿತು. ನಮ್ಮ ಕೊಳ್ಳೇಗಾಲದಲ್ಲಿ ಪಕ್ಕದ ಮನೆಯಲ್ಲಿ ಮಗು ಅತ್ತರೆ ಜನ ಟಿವಿಯ ಸದ್ದು ಹೆಚ್ಚಿಸಿಕೊಳ್ಳುತ್ತಾರೆ, ಅದೇ ಮರ್ಯಾದೆ. ಹೊಡೆದಿಲ್ಲ ಎಂದೆ. ಅವರು ಮಗನ ಕೆನ್ನೆ ಸವರಿ, "ಸಿಟ್ಟ ಮಾಡ್ಕೋಬ್ಯಾಡ್ರಿ. ನಮ್ಮ ಓಣ್ಯಾಗ ಕೂಸು ಅತ್ರ ಯಾರರ ಬಂದು ಕೇಳೇ ಕೇಳ್ತಾರ" ಎಂದು ಹೊರಟುಹೋದರು. ಅವರೇ ಶಾಂತಾಬಾಯಿ, ಎದುರು ಮನೆಯವರು.

ಪದವಿಪೂರ್ವ ಕಾಲೇಜಿನ ಕೆಲಸ ನನ್ನನ್ನು ಇಲ್ಲಿಗೆ ತಂದಿತ್ತು. ಗಂಡ ಊರಿನಲ್ಲೇ ಉಳಿದಿದ್ದರು. ಕೋಣೆಗೆ ಇಲ್ಲಿ ಖೋಲಿ ಎನ್ನುತ್ತಾರೆ. ನನಗೆ ಸಿಕ್ಕಿದ್ದು ಎರಡು ಖೋಲಿಯ ಮನೆ. ಮಧ್ಯಾಹ್ನ ಗೋಡೆ ಮುಟ್ಟಿದರೆ ಕೈ ಸುಡುವಷ್ಟು ಬಿಸಿಲು. ಆದರೆ ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಮಗ ಯಾರದೋ ಮನೆಯಲ್ಲಿ ಉಂಡು, ಇನ್ಯಾರದೋ ಮನೆಯಲ್ಲಿ ಮಲಗಿರುತ್ತಿದ್ದ. ಮೊದಲು ಸಿಟ್ಟು ತರಿಸಿದ್ದ ಆ ಸಲಿಗೆಗೇ ನಿಧಾನವಾಗಿ ಒಗ್ಗಿಕೊಂಡೆ. ಊರಿಗೆ ಫೋನ್ ಮಾಡಿದಾಗ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ.

ಜೋಳದ ರೊಟ್ಟಿ ತಟ್ಟಲು ನನಗೆ ಬರುತ್ತಿರಲಿಲ್ಲ. ಓಣಿಯ ಕೊನೆಯ ತಗಡಿನ ಖೋಲಿಯಲ್ಲಿ ಸುನಂದಾ ಎಂಬವಳು ರೊಟ್ಟಿ ಮಾಡಿ ಮಾರುತ್ತಾಳೆಂದು ತಿಳಿದು ಅಲ್ಲಿಗೆ ಹೋದೆ. ಅಫಜಲಪುರದ ಕಡೆಯ ಹುಡುಗಿ. ಗಂಡ ಲಾರಿ ಡ್ರೈವರ್, ಮನೆಯಲ್ಲಿದ್ದದ್ದೇ ಕಡಿಮೆ. ಎರಡು ಅವಳಿ ಕೂಸುಗಳು. ಜೊತೆಗೆ ಅಕ್ಕನ ಮಗಳು ಭಾಗ್ಯಶ್ರೀ. ಅಕ್ಕ, ಭಾವ ಮುಂಬಯಿಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಎಂಟು ವರ್ಷದ ಭಾಗ್ಯಶ್ರೀ ಶಾಲೆ ಬಿಟ್ಟು, ಒಂದು ಕೂಸನ್ನು ಸೊಂಟದ ಮೇಲೆ ಹೊತ್ತು ನಿಂತಿದ್ದಳು. ಕುತ್ತಿಗೆಯ ಮೇಲೆ ಬಾಸುಂಡೆ. ಎಡಗಡೆಯಿಂದ ಹೆಸರು ಹಿಡಿದು ಕರೆದೆ. ತಿರುಗಲಿಲ್ಲ.

"ಅದಕ ಕಿವೀನೇ ಇಲ್ರಿ ಮೇಡಂ, ಹೇಳಿದ್ದು ಕೇಳಂಗಿಲ್ಲ" ಎಂದಳು ಸುನಂದಾ, ಹಂಚಿನಿಂದ ಕಣ್ಣೆತ್ತದೆ. ನಾನು ಬಲಗಡೆಗೆ ಬಂದು ಮತ್ತೆ ಕರೆದೆ, ತಿರುಗಿದಳು. ಎಡಕಿವಿಗೆ ನಿಜಕ್ಕೂ ಕೇಳಿಸಿರಲಿಲ್ಲ.

ಅಲ್ಲಿಂದ ನೆಟ್ಟಗೆ ಶಾಂತಾಬಾಯಿಯ ಮನೆಗೆ ಬಂದು ಕಂಡದ್ದನ್ನೆಲ್ಲ ಹೇಳಿದೆ. "ನನ್ನ ಮಗ ಅತ್ತಾಗ ಓಡಿ ಬಂದಿರಲ್ಲ, ಆ ಮನೆಗೆ ಯಾಕೆ ಯಾರೂ ಹೋಗಲಿಲ್ಲ?"

ಅವರು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಕೈ ನಿಂತಿತು. "ಅವರು ಹೊರಗಿನವರು, ಇವತ್ತಿದ್ದು ನಾಳಿ ಹೋಗೋ ಮಂದಿ ಅಂತ..." ಸೆರಗು ತಲೆಗೆಳೆದುಕೊಂಡು ಎದ್ದರು. "ನಡೀರಿ."

ಜಗಳವಾಗುತ್ತದೆಂದು ನಾನು ಹೆದರಿದ್ದೆ. ಶಾಂತಾಬಾಯಿ ಒಳಗೆ ಹೋಗಿ, ಸುನಂದಾಳ ತೊಡೆಯ ಮೇಲೆ ಅಳುತ್ತಿದ್ದ ಕೂಸನ್ನು ಎತ್ತಿಕೊಂಡು ಕೇಳಿದರು: "ರಾತ್ರಿ ನಿದ್ದಿ ಮಾಡ್ತೀ ಏನವ್ವಾ?"

ಸುನಂದಾ ಬಿಕ್ಕಿ ಬಿಕ್ಕಿ ಅತ್ತಳು. "ಒಬ್ಬಾಕಿನ ಅದೀನ್ರಿ ಅವ್ವಾರ. ಸಿಟ್ಟು ಬಂದ್ರ ಕೈ ನಿಲ್ಲಂಗಿಲ್ರಿ."

"ಸಿಟ್ಟು ಬಂದ್ರ ಹೊರಗ ಬಂದು ನನಗ ಒದರು, ಬರ್ತೇನಿ. ಇನ್ನೊಮ್ಮಿ ಆ ಹುಡುಗಿ ಮ್ಯಾಗ ಕೈ ಎತ್ತಿದಿ ಅಂದ್ರ ಪೊಲೀಸ್ರಿಗಿ ಹೇಳಾಕಿನೂ ನಾನೇ."

ಮರುದಿನ ಮಕ್ಕಳ ರಕ್ಷಣೆಯ ಕಚೇರಿಗೆ ನಾನು ಫೋನ್ ಮಾಡಿದೆ. ಒಬ್ಬರು ಬಂದು ಮಾತಾಡಿದರು, ಆಮೇಲೂ ಬಂದು ನೋಡುತ್ತಿದ್ದರು. ಆದರೆ ದಿನದಿನದ ಭಾರ ಹೊತ್ತದ್ದು ಓಣಿಯ ಹೆಂಗಸರು. ಅವಳಿ ಕೂಸುಗಳು ಮಧ್ಯಾಹ್ನ ಸರದಿಯಂತೆ ನಮ್ಮ ಮನೆಗಳಿಗೆ ಬಂದವು. ಭಾಗ್ಯಶ್ರೀ ಮತ್ತೆ ಶಾಲೆಗೆ ಹೋದಳು. ಸುನಂದಾ ಎರಡು ಸಲ ನಿಜಕ್ಕೂ ಹೊರಗೆ ಬಂದು ಶಾಂತಾಬಾಯಿಯನ್ನು ಕೂಗಿದಳು. ಆಮೇಲೆ ಹೊಡೆತದ ಸುದ್ದಿ ಇರಲಿಲ್ಲ.

ಮಗುವನ್ನು ಕಲಬುರಗಿಯ ಡಾಕ್ಟರಿಗೆ ತೋರಿಸಿದೆವು. ಹೊಡೆತಕ್ಕೆ ಎಡಕಿವಿಯ ತಮಟೆ ಹರಿದು, ಕೀವಾಗಿ, ಒಳಗೆಲ್ಲ ಕೆಟ್ಟಿತ್ತು. "ಮೊದಲೇ ತಂದಿದ್ರ ಉಳೀತಿತ್ತು" ಎಂದರು. ಬಸ್ಸಿನಲ್ಲಿ ಬರುವಾಗ ಭಾಗ್ಯಶ್ರೀ ನನ್ನ ಮಡಿಲಲ್ಲಿ ನಿದ್ದೆ ಹೋದಳು. ಶಾಂತಾಬಾಯಿ ಕಿಟಕಿಯತ್ತ ಮುಖ ಮಾಡಿಕೊಂಡೇ ಹೇಳಿದರು: "ನಮ್ಮ ಓಣಿಗಿ ಕಿವಿ ಅದಾವ ಅಂತ ಭಾಳ ಸೊಕ್ಕಿತ್ರಿ ನನಗ. ನೀವು ಹೊರಗಿನವರು, ಅದಕ ನಿಮಗ ಕಂಡಿತು."

ದೀಪಾವಳಿಗೆ ಬಂದ ತಂದೆತಾಯಿ ಮಗಳನ್ನು ಮುಂಬಯಿಗೆ ಕರೆದೊಯ್ದರು. ಅಲ್ಲಿ ಅವಳಿರುವ ಓಣಿ ಎಂಥದೋ ನಮಗೆ ಗೊತ್ತಿಲ್ಲ. ಕೆಲವು ದಿನಗಳಲ್ಲೇ ಸುನಂದಾಳೂ ಗಂಡನೊಡನೆ ಸೋಲಾಪುರಕ್ಕೆ ಹೊರಟುಹೋದಳು.

ಬೇಸಿಗೆ ರಜೆಗೆ ಕೊಳ್ಳೇಗಾಲಕ್ಕೆ ಹೋದಾಗ ಅಮ್ಮ, "ಏನೇ ಇದು, ಮಾತು ಮಾತಿಗೂ ರೀ ಅಂತೀಯ" ಎಂದು ನಕ್ಕರು. "ಊರಿಗೆ ಯಾವಾಗ ವಾಪಸ್?" ಎಂದು ಕೇಳಿದಾಗ ನಾನು ಯೋಚಿಸದೆ, "ಊರಿಗಾ? ಸೋಮವಾರ ಹೊರಡ್ತೀನಿ" ಎಂದುಬಿಟ್ಟೆ. ಅವರು ಕೇಳಿದ್ದು ಕೊಳ್ಳೇಗಾಲಕ್ಕೆ ಮರಳುವ ಮಾತು; ಅಮ್ಮನ ಮುಖ ಸಣ್ಣದಾಯಿತು. ವರ್ಗಾವಣೆಗೆ ಅರ್ಜಿ ಹಾಕಬೇಕೋ ಬೇಡವೋ ಇನ್ನೂ ತಿಳಿಯುತ್ತಿಲ್ಲ.

ಮೊನ್ನೆ ಆ ತಗಡಿನ ಖೋಲಿಗೆ ಆಳಂದದ ಕಡೆಯ ಸಂಸಾರವೊಂದು ಬಂತು. ಕಾಲೇಜಿನ ಗೆಳತಿಯೊಬ್ಬಳು ನಮ್ಮ ಮನೆಗೆ ಬರುತ್ತ, "ಯಾರ್ರೀ ಅವರು?" ಎಂದು ಕೇಳಿದಳು.

"ಗೊತ್ತಿಲ್ರಿ, ಯಾರೋ ಹೊರಗಿನವರು" ಎಂದೆ ನಾನು.