ಒಂದು ಓ ಕಮ್ಮಿಯಾದ ಲೂಸು

ಆವತ್ತು ಬೆಳಿಗ್ಗೆ ನಲ್ಲಿ ನೀರು ಹಿಡಿದೆ, ಬಾಗಿಲು ಸಾರಿಸಿದೆ, ಶೇಂಗಾ ಹುರಿದು ಚಟ್ನಿಪುಡಿ ಕುಟ್ಟಿದೆ, ಡಬ್ಬಿ ಹಿಡ್ಕೊಂಡು ಹೋಗಿ ಅರ್ಧ ಲೀಟರ್ ಲೂಸ್ ಎಣ್ಣೆ ತಂದೆ. ಅಷ್ಟರಲ್ಲಿ ನಮ್ಮ ಯಜಮಾನರು ಚಳ್ಳಕೆರೆ ಬಸ್ ಸ್ಟ್ಯಾಂಡಿನಿಂದ ಒಂದು ಪೇಪರ್ ಪೊಟ್ಟಣ ತಂದರು. ಮೊಳಕಾಲ್ಮೂರಿನ ಬೀಗರು ಕಂಡಕ್ಟರ್ ಕೈಲಿ ಕಳಿಸಿದ್ದರಂತೆ.

ನನ್ನ ತಂಗಿಯನ್ನು ಅಲ್ಲಿನ ನೇಕಾರರ ಮನೆಗೆ ಕೊಡುವುದೆಂದು ಮಾತಾಗಿತ್ತು. ಮದುವೆ ರವಿಕೆ ನಾವೇ ಹೊಲಿಸ್ತೀವಿ, ಅಳತೆಗೆ ಒಂದು ರವಿಕೆ ಕಳಿಸ್ರಿ ಅಂದಿದ್ದರು. ತಂಗಿಯೇ ಒಂದನ್ನು ಸುತ್ತಿ ಕೊಟ್ಟಿದ್ದಳು. ಈಗ ಅದು ವಾಪಸ್ ಬಂದಿತ್ತು. ಪೊಟ್ಟಣದ ಮೇಲೆ ಗುಂಡುಪಿನ್ನು ಚುಚ್ಚಿದ ಒಂದು ಚೀಟಿ. ಚೀಟಿಯಲ್ಲಿ ನಾಲ್ಕೇ ಇಂಗ್ಲಿಷ್ ಅಕ್ಷರ.

ಎಂಟನೇ ಕ್ಲಾಸಿನ ನನ್ನ ಮಗಳು ಓದಿದಳು: "ಎಲ್, ಓ, ಎಸ್, ಇ. ಲೂಸ್."

"ಯಾರಿಗೆ ಲೂಸು ಅಂತಾರೆ? ನನ್ನ ಮಗಳಿಗಾ?" ಅವ್ವ ಎದ್ದು ನಿಂತಳು.

ನಮಗೆ ಗೊತ್ತಿದ್ದ ಲೂಸು ಮೂರೇ. ಪ್ಯಾಕೆಟ್ ಇಲ್ಲದ ಎಣ್ಣೆ, ಮಕ್ಕಳ ಹೊಟ್ಟೆ ಕೆಟ್ಟರೆ ಲೂಸ್ ಮೋಷನ್, ತಲೆ ನೆಟ್ಟಗಿಲ್ಲದವರು. ಮಗಳು ಡಿಕ್ಷನರಿ ತಂದು ಇನ್ನೊಂದು ಸೇರಿಸಿದಳು. "ಅಜ್ಜೀ, ಅದಕ್ಕೆ ಎರಡು ಓ ಬೇಕು. ಇದರಲ್ಲಿ ಒಂದೇ ಐತೆ. ಕಳೆದುಕೊಳ್ಳು ಅಂತ ಅರ್ಥ."

"ಏನ್ ಕಳ್ಕೊಂಡ್ರಂತೆ?"

"ಸೋಲು ಅಂತಾನೂ ಐತೆ."

"ಸಂಬಂಧ ಕಳ್ಕೊಂಡ್ರಿ ಅಂತಿರಬೇಕು," ಅಂದರು ಯಜಮಾನರು, ತಮಾಷೆಗೆ. ತಂಗಿ ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಕೂತಳು. ಹುಚ್ಚಿ ಅಂದರೋ, ಬೇಡ ಅಂದರೋ, ನನಗೆ ಒಂದೂ ತಿಳಿಯಲಿಲ್ಲ. ಬೇಡ ಅನ್ನುವವರು ಪಿನ್ನು ಚುಚ್ಚಿ ಇಷ್ಟು ಓರಣವಾಗಿ ಯಾಕೆ ಕಳಿಸ್ತಾರೆ?

ಪೊಟ್ಟಣ ಬಿಚ್ಚಲು ಅವ್ವ ಬಿಡಲಿಲ್ಲ. ಹಾಗೇ ಬಗಲಲ್ಲಿ ಇಟ್ಕೊಂಡು ನನ್ನನ್ನೂ ಬಸ್ಸು ಹತ್ತಿಸಿದಳು.

ಮೊಳಕಾಲ್ಮೂರಿನಲ್ಲಿ ಹುಡುಗನ ತಾಯಿ ಮಗ್ಗದ ಹತ್ತಿರ ಲಾಳಿಗೆ ನೂಲು ಸುತ್ತುತ್ತಿದ್ದರು. ಚೀಟಿ ನೋಡಿ, "ನಮ್ಮ ಟೈಲರು ಬರೆದಿದ್ದು. ನಾನೇ ಬರಿ ಅಂದೆ. ರವಿಕೆ ಲೂಸ್ ಆಗ್ತೈತಲ್ರಿ!" ಅಂದರು. ತೆಲುಗು ಬೆರೆಸಿ, "ಮಾ ಪಿಲ್ಲ ಇಂತ ಲಾವು ಲೇದು ಕದಾ," ಅಂದರು. ನಮ್ಮ ಹುಡುಗಿ ಇಷ್ಟು ದಪ್ಪ ಇಲ್ಲವಲ್ಲ ಅಂತ.

ಅವರೇ ಪೊಟ್ಟಣ ಬಿಚ್ಚಿದರು. ಒಳಗಿದ್ದದ್ದು ನನ್ನ ರವಿಕೆ! ಕಳೆದ ಹಬ್ಬಕ್ಕೆ ಹೊಲಿಸಿದ್ದು. ನಾನು ಅವ್ವನ ಮುಖ ನೋಡಿದೆ, ಅವ್ವ ನನ್ನ ಮೈ ನೋಡಿದಳು.

"ಹುಡುಗಿನೇ ಕರ್ಕೊಂಡು ಬರ್ರಿ, ಮೈಮೇಲೇ ಅಳತೆ ತಗೊಂಡ್ರಾಯ್ತು," ಅಂದು ಕಾಫಿ ಕೊಟ್ಟರು.

ಸಂಜೆ ಮನೆಗೆ ಬಂದು ತಂಗಿಯನ್ನು ಕೇಳಿದೆ. "ನನ್ನವೆಲ್ಲಾ ಬಗಲಲ್ಲಿ ತೇಪೆ ಹಾಕಿದವು. ಅವನ್ನ ಹೆಂಗೆ ಕಳಿಸ್ಲಿ ಅಕ್ಕಾ? ಅದಕ್ಕೇ ನಿಂದು ಕಳಿಸಿದೆ. ಚೀಟಿ ಬಂದಾಗ, ರವಿಕೆ ನಂದಲ್ಲ ಅಂತ ಅವರಿಗೆ ಗೊತ್ತಾಗೋತು, ಎಲ್ಲಾ ಮುಗೀತು ಅನ್ಕಂಡೆ," ಅಂದಳು.

"ನಾಡಿದ್ದು ನನ್ನ ಜೊತೆ ಬಾ. ಅವರಿಗೆ ನಿನ್ನ ಮೈಯಳತೆ ಆಗಲೇ ಕಣ್ಣಲ್ಲಿ ಕೂತೈತೆ," ಅಂದೆ. ಒಂದು ಓ ಇದ್ದರೂ ಲೂಸು, ಎರಡಿದ್ದರೂ ಲೂಸು ಅಂತ ಓದಿದರೆ ಗುರುತು ಹಿಡಿಯೋದು ಹೆಂಗೆ ಅನ್ನೋದು ಮಾತ್ರ ನನಗೆ ಇವತ್ತಿಗೂ ಬಗೆಹರಿದಿಲ್ಲ.

ರಾಗಿಮುದ್ದೆ, ಹುರುಳಿಕಾಳಿನ ಸಾರು ಉಂಡೆವು. ತಂಗಿ ಎರಡನೇ ಮುದ್ದೆ ಹಾಕಿಸಿಕೊಂಡಳು. ಎಲ್ಲರಿಗಿಂತ ಮೊದಲು ನಿದ್ದೆ ಹೋದವಳೂ ಅವಳೇ.