ಇಲಿಗೆಂದಿಟ್ಟ ಬೇರು

ಎಂ.ಎಸ್ಸಿ. ಮುಗಿಸಿದ ಸೊಸೆ ಡಲ್ಲಾಸಿನ ಲ್ಯಾಬಿನಲ್ಲಿ ಇಲಿಯ ಹಿಕ್ಕೆ ಆರಿಸುತ್ತಾಳೆ ಎಂಬುದನ್ನು ನಮ್ಮತ್ತೆ ಮೈಸೂರಿನಲ್ಲಿ ಯಾರಿಗೂ ಹೇಳಿರಲಿಲ್ಲ. ಏನೋ ಔಷಧಿ ಕಂಡುಹಿಡಿಯುತ್ತಿದ್ದಾಳೆ ಎಂದಷ್ಟೇ ಹೇಳಿ ಮಾನ ಉಳಿಸಿಕೊಂಡಿದ್ದರು. ನಮ್ಮಲ್ಲಿಗೆ ಬಂದಿದ್ದಾಗಲೂ, ಊಟಕ್ಕೆ ಕೂತಾಗ ಹಿಕ್ಕೆ ಎಂಬ ಮಾತು ನನ್ನ ಬಾಯಿಂದ ಬಂದರೆ ತಟ್ಟೆ ಸರಿಸಿ ಎದ್ದುಬಿಡುತ್ತಿದ್ದರು.

ನನ್ನ ಪಿಎಚ್.ಡಿ. ನಿಂತಿದ್ದೇ ಅದರ ಮೇಲೆ. ಚೀನೀ ವೈದ್ಯದ ಒಂದು ಬೇರನ್ನು ಹಸಿಯಾಗಿ ಕೊಟ್ಟರೆ ಇಲಿಯ ಕರುಳಿನ ಬ್ಯಾಕ್ಟೀರಿಯಾ ಒಂದು ರೀತಿ, ಮತ್ತೆ ಮತ್ತೆ ಹಬೆಯಲ್ಲಿ ಬೇಯಿಸಿ ಒಣಗಿಸಿ ಕೊಟ್ಟರೆ ಇನ್ನೊಂದು ರೀತಿ ಬೆಳೆಯುತ್ತವೆಯೇ, ರಕ್ತದ ಸಕ್ಕರೆ ಬದಲಾಗುತ್ತದೆಯೇ ಎಂದು ನೋಡಬೇಕಿತ್ತು. ಹಳೇ ಪದ್ಧತಿಯಂತೆ ಬಿಸಿಲಲ್ಲೇ ಒಣಗಿಸಬೇಕು ಎಂದರು ಪ್ರೊಫೆಸರು. ಬಿಸಿಲಿಗೇನು ಬರ? ಡಲ್ಲಾಸಿನ ಪಕ್ಕದ ಊರು ಲಿಟಲ್ ಎಲ್ಮಿನ ನಮ್ಮ ಮನೆಯ ಹಿತ್ತಿಲಲ್ಲಿ ಅತ್ತೆಯ ಸಂಡಿಗೆಯ ಪಕ್ಕ ಬೇರನ್ನೂ ಹರವಿದೆ. ಬೆಂದು ಒಣಗಿ, ಬೆಂದು ಒಣಗಿ, ಕೊನೆಗೆ ಕಪ್ಪಗೆ ಅಂಟಂಟಾಗಿ ಹಳೇ ಹುಣಿಸೆಹಣ್ಣಿನ ಹಾಗಾಯಿತು. ಮಾರನೇ ದಿನ ಒಯ್ಯೋಣವೆಂದು ಡಬ್ಬಿಗೆ ತುಂಬಿ ಅಡುಗೆಮನೆಯಲ್ಲಿಟ್ಟೆ.

ಅವತ್ತು ಸಂಜೆ ಸಾರು ಯಾಕೋ ಸಿಹಿ. ಅಮೆರಿಕದ ಹುಣಿಸೆಹಣ್ಣಿನಲ್ಲಿ ಹುಳಿಯೇ ಇಲ್ಲ, ಅದಕ್ಕೇ ಡಬ್ಬಿಯಲ್ಲಿದ್ದದ್ದನ್ನೆಲ್ಲ ಕಿವುಚಿ ಹಾಕಿದೆ ಎಂದರು ಅತ್ತೆ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ನನ್ನದು ಬಾಯಿಗೇ ಬಂದು ಹಾಳಾಯಿತು. ಕೋಪ ನೆತ್ತಿಗೇರಿತು. ಈ ವರ್ಷ ನನ್ನ ಡಿಗ್ರಿ ಆದ ಹಾಗೇ ಎಂದು ಕೂಗಾಡಿ, ಅಲ್ಲೇ ಅಳುತ್ತ ಕೂತೆ. ಅತ್ತೆ ಪಕ್ಕದಲ್ಲಿ ಬಂದು ಕೂತರು. ಆಮೇಲೆ ಮೆಲ್ಲಗೆ ಅಂದರು:

“ಇಲಿ ತಿನ್ನಬೇಕಾದ್ದನ್ನ ನಾನು ತಿಂದಿದೀನಲ್ಲಮ್ಮ. ನಾಳೆ ಬೆಳಿಗ್ಗೆ ನಂದನ್ನೇ ಪರೀಕ್ಷೆ ಮಾಡ್ಕೋ.”

ತಮಾಷೆಗೆ ಅಂದದ್ದಲ್ಲ. ಅಳುತ್ತಿದ್ದವಳಿಗೆ ನಗು ಬಂತು, ಅವರ ಮೇಲೆ ಪ್ರೀತಿಯೂ ಉಕ್ಕಿತು.

ವಾರದಲ್ಲಿ ಹೊರಡಬೇಕಿದ್ದವರು ಟಿಕೆಟ್ ಮುಂದಕ್ಕೆ ಹಾಕಿಸಿಕೊಂಡರು. ನಾನು ಲ್ಯಾಬಿಗೆ ಹೋದರೆ ಹೊಸ ಬೇರಿಗೆ ಅವರದೇ ಕಾವಲು. ಸುಡುಬಿಸಿಲಲ್ಲಿ ಕೊಡೆ ಬಿಚ್ಚಿಕೊಂಡು ಕೂತು ಅಳಿಲು ಓಡಿಸುತ್ತಿದ್ದರು. ಒಂದು ಚೂರೂ ಕಮ್ಮಿಯಾಗಲಿಲ್ಲ.

ಫಲಿತಾಂಶ ಬರುವ ಹೊತ್ತಿಗೆ ಅವರು ಮೈಸೂರು ಸೇರಿದ್ದರು. ಹಸಿಬೇರು ತಿಂದ ಇಲಿಗಳಿಗೂ ಬೇಯಿಸಿದ್ದು ತಿಂದವಕ್ಕೂ ಕರುಳಲ್ಲಿ ವ್ಯತ್ಯಾಸ ಚೆನ್ನಾಗಿಯೇ ಕಂಡಿತ್ತು; ಡಿಗ್ರಿಗೆ ಇನ್ನು ಅಡ್ಡಿಯಿರಲಿಲ್ಲ. ತಕ್ಷಣ ಫೋನ್ ಮಾಡಿದೆ. ಆ ಕಡೆ ಮನೆ ತುಂಬ ನೆಂಟರ ಗದ್ದಲ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, ಅಷ್ಟೂ ಜನಕ್ಕೆ ಕೇಳುವಷ್ಟು ಜೋರಾಗಿ ಕೇಳಿದರು:

“ನಮ್ಮ ಇಲಿಗಳ ಹಿಕ್ಕೆ ಏನಂತು?”