ಫಾದರ ಬಾವಿಗೆ ಬಂದ ಕುರಿಗಳು

ಅಳತೆಗೆ ಸಿಗದ್ದನ್ನು ನಂಬುವ ಜಾಯಮಾನ ನನ್ನದಲ್ಲ. ಸರ್ವೆ ಇಲಾಖೆಯಲ್ಲಿ ಕೆಲಸ ಮಾಡಿದವನು. ದೆವ್ವ, ಪವಾಡ ಎಂದು ಯಾರಾದರೂ ಶುರು ಮಾಡಿದರೆ ಚಹಾ ಮುಗಿಸಿ ಎದ್ದು ಹೋಗುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನು ಹೇಳಲು ಕೂತಿದ್ದೇನೆ. ನೀವೂ ಎದ್ದು ಹೋದರೆ ಬೇಸರವಿಲ್ಲ.

ಬಶೀರಾಬಾದಿನ ಆಚೆ ತಾಂಡೂರು ಕಲ್ಲಿನಲ್ಲಿ ಕಟ್ಟಿದ ಹಳೆಯ ಚರ್ಚೊಂದಿದೆ. ನಿಜಾಮರ ಕಾಲದಲ್ಲಿ ಹೊರದೇಶದ ಕ್ರೈಸ್ತ ಸನ್ಯಾಸಿಗಳು ಬಂದು ಅಲ್ಲಿ ಮಠ ಮಾಡಿಕೊಂಡಿದ್ದರಂತೆ. ಬಾವಿ ತೋಡಿಸಿ, ದನಕರು ನೀರು ಕುಡಿಯಲೆಂದು ಪಕ್ಕದಲ್ಲಿ ಕಲ್ಲಿನ ದೋಣಿ ಇಡಿಸಿದರು. ಬರಬರುತ್ತಾ ಸನ್ಯಾಸಿಗಳು ಕಡಿಮೆಯಾಗಿ ಮಠ ಮುಚ್ಚಿತು. ಗೋಪುರದ ಗಂಟೆಯನ್ನೂ ಬೇರೆ ಚರ್ಚಿಗೆ ಒಯ್ದರು. ಎಷ್ಟೋ ವರ್ಷಗಳ ಮೇಲೆ ಆ ಜಾಗ ಕೊಂಡವರು ಬೇಲಿ ಹಾಕಲು ಹೊರಟಾಗ ಕುರಿಗಾರರು ತಕರಾರು ಎತ್ತಿದರು. ಸುತ್ತಲಿನ ಕೆರೆ ಬತ್ತಿ, ಕುರಿಗಳಿಗೆ ಉಳಿದ ನೀರು ಅದೊಂದೇ ಆಗಿತ್ತು. ಅಲ್ಲಿ ನೀರು ಕುಡಿಸುವ ಹಳೆಯ ರೂಢಿ ಇತ್ತೇ ಇಲ್ಲವೇ ಎಂದು ನೋಡಿ ವರದಿ ಬರೆಯುವುದು ನನ್ನ ಪಾಲಿಗೆ ಬಂತು.

ಕಾಗದಪತ್ರ ಒಂದೂ ಇರಲಿಲ್ಲ. ಇದ್ದದ್ದು ಕುರಿಗಾರರ ಮನೆಯ ಮುದುಕಿ ಮಲ್ಲವ್ವನ ಮಾತು ಮಾತ್ರ.

“ಹನ್ನೆರಡಕ್ಕ ಗಂಟಿ ಬಡದ್ರ ಕುರಿ ತಾವೇ ಬರ್ತಿದ್ವು ರೀ ಸಾಹೇಬ್ರ. ಫಾದರು ಕುಂಟ ಕುರಿಗಿ ಮದ್ಲ ಕುಡಸ್ತಿದ್ರು. ಉಳದವು ಸುಮ್ಮ ನಿಂತಿರ್ತಿದ್ವು.”

“ಕುರಿ ಲೈನ್ ಹಚ್ತಾವೇನವ್ವ? ಇದೇನ್ ರೇಶನ್ ಅಂಗಡಿನಾ?” ಎಂದು ಜಾಗ ಕೊಂಡವರ ಕಡೆಯವನು ನಕ್ಕ. ನನಗೂ ನಗು ಬಂತು. ಪುರಾವೆ ಇಲ್ಲ ಎಂದು ಬರೆಯಲು ಬಾವಿಕಟ್ಟೆಯ ಮೇಲೆ ಕೂತು ಪೆನ್ನು ತೆಗೆದೆ.

ಮಲ್ಲವ್ವನ ಕುರಿಗಳು ಗೇಟಿನ ಹೊರಗೆ ಬೇವಿನ ನೆರಳಲ್ಲಿ ಮಲಗಿದ್ದವು. ಹಿಂದಿನ ದಿನವಷ್ಟೇ ನಾರಾಯಣಖೇಡದ ಸಂತೆಯಲ್ಲಿ ಕೊಂಡು ತಂದವು, ಈ ಜಾಗ ಕಂಡವೇ ಅಲ್ಲ. ಒಮ್ಮೆಲೇ ಎಲ್ಲವೂ ಎದ್ದವು. ಯಾರೂ ಕರೆದಿರಲಿಲ್ಲ. ಒಳಗೆ ಬಂದು ಒಣಗಿದ ದೋಣಿಯ ಮುಂದೆ ಎರಡು ಭಾಗವಾಗಿ ನಿಂತವು. ಕುರಿ ಎಂದರೆ ಗೊತ್ತಲ್ಲ, ದೋಣಿ ಕಂಡರೆ ಒಂದರ ಮೇಲೊಂದು ಬೀಳುತ್ತವೆ. ಅವತ್ತು ಒಂದೂ ನುಗ್ಗಲಿಲ್ಲ. ನಡುವೆ ದಾರಿ ಬಿಟ್ಟು, ಗಂಟೆಯಿಲ್ಲದ ಗೋಪುರದ ಕಡೆ ಕತ್ತೆತ್ತಿ ನಿಂತಿದ್ದವು. ಆ ದಾರಿಯಲ್ಲಿ, ಎಲ್ಲಕ್ಕಿಂತ ಹಿಂದೆ ಉಳಿದಿದ್ದ ಕುಂಟು ಕುರಿಯೊಂದು ನಿಧಾನಕ್ಕೆ ನಡೆದು ಬಂದು ದೋಣಿಗೆ ಬಾಯಿ ಇಟ್ಟಿತು.

ಮೊಬೈಲ್ ನೋಡಿದೆ. ಸರಿಯಾಗಿ ಹನ್ನೆರಡು. ಮೈ ಜುಮ್ಮೆಂದಿತು. ಹೆದರಿಕೆ ಅಲ್ಲ, ಮನೆಗೆ ಹಿರಿಯರು ಬಂದಾಗ ತಾನಾಗಿ ಎದ್ದು ನಿಲ್ಲುತ್ತೇವಲ್ಲ, ಹಾಗೆ. ನೋಡಿಕೊಂಡರೆ, ನಿಜಕ್ಕೂ ಎದ್ದು ನಿಂತಿದ್ದೆ. ಚಪ್ಪಲಿ ಯಾವಾಗ ಬಿಟ್ಟೆನೋ ನೆನಪಿಲ್ಲ.

“ಯಾಕ ನೋಡ್ಕೋತ ನಿಂತೀರಿ? ಅದಕ ನೀರ್ ಬೇಕಾಗ್ಯಾದ, ಸೇದ್ರಿ,” ಎಂದಳು ಮಲ್ಲವ್ವ. ಅವಳಿಗೆ ಇದರಲ್ಲಿ ಆಶ್ಚರ್ಯವೇನೂ ಕಂಡಂತಿರಲಿಲ್ಲ. ನಕ್ಕಿದ್ದವನೇ ಹೋಗಿ ಬಾವಿಗೆ ಕೊಡ ಇಳಿಬಿಟ್ಟ.

ನೀರಿನ ವಾಸನೆಗೆ ಬಂದಿರಬೇಕು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ. ವಾಸನೆಗೆ ಬಂದವು ಕುಂಟು ಕುರಿಗೆ ದಾರಿ ಯಾಕೆ ಬಿಟ್ಟವು? ಗೊತ್ತಿಲ್ಲ. ಮಧ್ಯಾಹ್ನ ಇಲ್ಲಿ ನೀರು ಕುಡಿಸುವ ರೂಢಿ ಇದೆ ಎಂದೇ ವರದಿ ಬರೆದೆ, ಗೇಟಿಗೆ ಬೀಗ ಬೀಳಲಿಲ್ಲ. ಕೊನೆಯಲ್ಲಿ ಇಬ್ಬರು ಸಾಕ್ಷಿಗಳು ಬೇಕಿತ್ತು. ಮಲ್ಲವ್ವ ಹೆಬ್ಬೆಟ್ಟು ಒತ್ತಿದಳು. ಎರಡನೆಯ ಸಾಕ್ಷಿ ಎಂದು ಯಾರ ಹೆಸರು ಬರೆಯಬೇಕೋ ತಿಳಿಯದೆ ಅಷ್ಟು ಜಾಗ ಹಾಗೇ ಬಿಟ್ಟೆ. ಕಚೇರಿಯಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ!